ನೂರ ಎಂಟನೇ ಕಂತು

ಊರು ಬಿಟ್ಟು ಓಡಿಹೋಗುವವರಿಗೂ ಮಧ್ಯಾಹ್ನ ಕಳೆಯುವುದು ಕಷ್ಟವೇ. ಪುಣೆ ಬಸ್ಸು ಇದ್ದದ್ದು ರಾತ್ರಿ ಒಂಬತ್ತೂವರೆಗೆ. ವರಲಕ್ಷ್ಮಿ ಬೆಳಿಗ್ಗೆ ಎಂಟಕ್ಕೇ ಎರಡು ಬ್ಯಾಗು ತುಂಬಿಸಿ, ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ, ಇನ್ನೇನೂ ಕೆಲಸ ಉಳಿಯದೆ ವಿಜಯನಗರದ ಬಾಡಿಗೆ ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದಳು. ಪುಣೆಯಲ್ಲಿ ಯಾರದೋ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಗೊತ್ತಾಗಿತ್ತು. ಸಿಮ್ ಬದಲಾಯಿಸಿಬಿಟ್ಟರೆ ಇಲ್ಲಿಯ ವರಲಕ್ಷ್ಮಿ ಇಲ್ಲಿಗೇ ಮುಗಿದಂತೆ ಎಂದು ಅವಳ ಲೆಕ್ಕ.

ಒಂದೂವರೆಗೆ ಬಾಗಿಲು ಬಡಿದವರು ಇಂದ್ರಮ್ಮ. ಗೋವಿಂದರಾಜನಗರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಈ ಹೆಂಗಸಿಗೆ ಅರವತ್ತೆರಡು ವರ್ಷ. ಯಾರ ಮನೆಯ ಬಾಗಿಲಲ್ಲೂ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲರು.

"ಹೊರಡು, ಸೊಸೈಟಿಗೆ ಹೋಗ್ಬೇಕು. ಇವತ್ತು ಬೆಟ್ಟಯ್ಯನೋರದ್ದು ಕೊನೇ ಕಂತು."

"ನನಗೆ ತಲೆನೋವು ಆಂಟಿ."

"ತಲೆ ಇರೋರಿಗೆಲ್ಲ ಇರುತ್ತೆ. ಚಪ್ಪಲಿ ಹಾಕ್ಕೋ."

ಬ್ಯಾಗುಗಳು ಕಾಣದ ಹಾಗೆ ಬಾಗಿಲಿಗೆ ಅಡ್ಡ ನಿಂತಿದ್ದ ವರಲಕ್ಷ್ಮಿ, ಈಯಮ್ಮ ಒಳಗೆ ಬಂದರೆ ಕಷ್ಟ ಎಂದುಕೊಂಡು ಬೇಗಬೇಗ ಚಪ್ಪಲಿ ಹಾಕಿಕೊಂಡಳು.

ಐದು ವರ್ಷದ ಹಿಂದೆ ಸ್ವಂತ ಪಾರ್ಲರ್ ಹಾಕುತ್ತೇನೆಂದು ಬ್ಯಾಂಕಿನಲ್ಲಿ ಸಾಲ ಮಾಡಿದವಳು ವರಲಕ್ಷ್ಮಿ. ಪಾರ್ಲರ್ ಎರಡೇ ವರ್ಷಕ್ಕೆ ಮುಚ್ಚಿತು. ಸಾಲ ಮಾತ್ರ ಮುಚ್ಚಲಿಲ್ಲ. ಇನ್ನೂ ಮೂರು ಲಕ್ಷದ ನಲವತ್ತು ಸಾವಿರ ಬಾಕಿ. ಜಾಮೀನು ಹಾಕಿದ್ದವಳು ಸೀತಾ, ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿ, ಬಸವೇಶ್ವರನಗರದ ಒಂದು ಶಾಲೆಯಲ್ಲಿ ಗುಮಾಸ್ತೆ. ನಾಲ್ಕು ತಿಂಗಳ ಹಿಂದೆ, ಸಂಬಳದಲ್ಲಿ ಹಿಡಿಯುತ್ತೇವೆ ಎಂದು ಸೀತಾಳ ಶಾಲೆಗೇ ನೋಟೀಸು ಹೋಯಿತು. ಆ ದಿನದಿಂದ ವರಲಕ್ಷ್ಮಿ ಅವಳ ಫೋನು ಎತ್ತಿಲ್ಲ. ಬ್ಯಾಂಕಿನವರ ಫೋನಾದರೂ ಎತ್ತಿದ್ದಾಳೆ, ಸೀತಾಳದ್ದು ಎತ್ತಲು ಧೈರ್ಯ ಬಂದಿಲ್ಲ.

ಇಂದ್ರಮ್ಮನ ಗಿರಣಿಯಲ್ಲಿ ಭಾನುವಾರ ಸಂಜೆ ಸಾಲದಲ್ಲಿ ಸಿಕ್ಕಿಕೊಂಡವರು ಸೇರುತ್ತಾರೆ ಎಂದು ಯಾರೋ ಹೇಳಿದ್ದರಿಂದ ಮೂರು ವಾರ ಅಲ್ಲಿಗೂ ಹೋಗಿದ್ದಳು. ರಾಗಿ ಮೂಟೆಗಳ ಮೇಲೆ ಕೂತು ಒಬ್ಬೊಬ್ಬರೂ ತಮ್ಮ ಸಾಲ ಎಷ್ಟೆಂದು ಬಾಯಿಬಿಟ್ಟು ಹೇಳಬೇಕು, ಅದೇ ಅಲ್ಲಿಯ ಮೊದಲ ಕೆಲಸ. ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಮಹದೇವ್ ಎಂಬಾತ ಅವಳ ಪರವಾಗಿ ಬ್ಯಾಂಕಿಗೆ ಅರ್ಜಿ ಬರೆದ. ಗುಂಪಿನ ಇಬ್ಬರು ಅವಳ ಜೊತೆಗೆ ಹೋಗಿ ಮ್ಯಾನೇಜರ ಮುಂದೆ ಕೂತರು. ಬಡ್ಡಿ ನಿಲ್ಲಿಸಿ, ತಿಂಗಳಿಗೆ ನಾಲ್ಕು ಸಾವಿರ ತೆಗೆದುಕೊಳ್ಳಲು ಬ್ಯಾಂಕು ಒಪ್ಪಿಯೂ ಬಿಟ್ಟಿತು! ಒಂದೇ ಷರತ್ತು: ಶನಿವಾರದೊಳಗೆ ಜಾಮೀನುದಾರರೂ ಬಂದು ಸಹಿ ಹಾಕಬೇಕು. ಅಂದರೆ ಸೀತಾಳ ಮುಂದೆ ಹೋಗಿ ನಿಲ್ಲಬೇಕು. ಅದಕ್ಕಿಂತ ಪುಣೆಯೇ ಹತ್ತಿರ ಎನಿಸಿತ್ತು ವರಲಕ್ಷ್ಮಿಗೆ.

ಯಾರದೇ ಕೊನೆಯ ಕಂತಾದರೂ ಗುಂಪಿನವರೆಲ್ಲ ಜೊತೆಗೆ ಹೋಗಿ ನಿಲ್ಲುವುದು ಗಿರಣಿಯ ಪದ್ಧತಿ. ಹಾರ ಇಲ್ಲ, ಸ್ವೀಟು ಇಲ್ಲ, ಸುಮ್ಮನೆ ನಿಲ್ಲುವುದು. ರಾಜಾಜಿನಗರದ ಆ ಪುಟ್ಟ ಪತ್ತಿನ ಸಹಕಾರ ಸಂಘದೊಳಗೆ ಏಳು ಜನ ಒಟ್ಟಿಗೆ ನುಗ್ಗಿದ್ದನ್ನು ಕಂಡು ಕೌಂಟರಿನ ಹುಡುಗಿ ಜಗಳಕ್ಕೇ ಬಂದರೆಂದು ಎದ್ದು ನಿಂತಳು. ಬೆಟ್ಟಯ್ಯ ಮುಂದೆ ಬಂದರು. ಲೇತ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಈಗ ಅಪಾರ್ಟ್‌ಮೆಂಟೊಂದರ ಗೇಟು ಕಾಯುವ, ಅರವತ್ತೇಳರ ಉದ್ದನೆಯ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಶರಟು. ಐದು ಸಾವಿರದ ಇನ್ನೂರು ರೂಪಾಯಿ ಎಣಿಸಿ ಇಟ್ಟರು.

ಹುಡುಗಿ ಕಂಪ್ಯೂಟರ್ ನೋಡಿದಳು, ಮತ್ತೆ ನೋಡಿದಳು. "ಸಾರ್, ಇನ್ನೂ ನಾನೂರ ಹನ್ನೆರಡು ರೂಪಾಯಿ ಬರುತ್ತೆ. ಕೊನೇ ಕಂತಲ್ವಾ, ಬಡ್ಡಿ ವ್ಯತ್ಯಾಸ ಸೇರಿಸಿದೆ."

ಬೆಟ್ಟಯ್ಯ ಜೇಬು ತಡಕಿದರು. ಇಪ್ಪತ್ತು ರೂಪಾಯಿ ಇತ್ತು. ಎಟಿಎಂ ಕಾರ್ಡನ್ನು ಅವರು ಎಂದೋ ಕತ್ತರಿಸಿ ಹಾಕಿದ್ದರು. ಅವರ ಫೋನು ಬರೀ ಮಾತಾಡುವ ಫೋನು.

ಇದೇನು ಮಹಾ ಎಂದು ವರಲಕ್ಷ್ಮಿ ಪರ್ಸ್ ತೆಗೆದು ಐನೂರರ ನೋಟಿಗೆ ಕೈ ಹಾಕಿದಳು. ಇಂದ್ರಮ್ಮ ಅವಳ ಕೈ ಮೇಲೆ ಕೈ ಇಟ್ಟರು.

"ಮುಚ್ಚು ಅದನ್ನ."

"ನಾನೂರು ರೂಪಾಯಿ ಆಂಟಿ!"

"ನಾಲ್ಕು ರೂಪಾಯಿ ಆದ್ರೂ ಸಾಲ ಸಾಲವೇ. ನಮ್ಮಲ್ಲಿ ಒಬ್ಬರಿಗೊಬ್ಬರು ಕೊಡಂಗಿಲ್ಲ."

ಹಿಂದೊಮ್ಮೆ ಈ ಗುಂಪು ತಮ್ಮತಮ್ಮಲ್ಲೇ ಚೀಟಿ ಹಾಕಿ, ಚೀಟಿ ಒಡೆದು, ಮುಖಮುಖ ನೋಡದ ಹಾಗಾಗಿತ್ತಂತೆ. ಅಂದಿನಿಂದ ಈ ನಿಯಮ. ಗಿರಣಿಯಲ್ಲಿ ಟೀ ಬಂದರೂ ಅವರವರ ಹತ್ತು ರೂಪಾಯಿ ಅವರವರೇ ಕೊಡಬೇಕು.

ಕೌಂಟರಿನ ಹುಡುಗಿ ಒಳ್ಳೆಯವಳು. "ನಾಳೆ ಕಟ್ಟಿ ಸಾರ್, ಏನೂ ಮುಳುಗಿಹೋಗಲ್ಲ. ಇಲ್ಲಾಂದ್ರೆ ನಾನೇ ಹಾಕಿರ್ತೀನಿ, ಆಮೇಲೆ ಕೊಡಿ."

"ಬೇಡ ಕಣಮ್ಮ," ಎಂದರು ಬೆಟ್ಟಯ್ಯ. "ಒಂಬತ್ತು ವರ್ಷ ಒಂದು ಸಲವೂ ಹತ್ತನೇ ತಾರೀಕು ತಪ್ಪಿಸಿಲ್ಲ. ಇದು ನೂರ ಎಂಟನೇದು. ನೂರ ಏಳು ಹೆಸರು ಹೇಳಿ ಅರ್ಚನೆ ನಿಲ್ಲಿಸ್ತಾರಾ ಯಾರಾದ್ರೂ? ಎಷ್ಟು ಗಂಟೆವರೆಗೂ ತಗೊಳ್ತೀರಿ?"

"ನಾಲ್ಕಕ್ಕೆ ಕ್ಲೋಸು."

ಆಗ ಎರಡೂ ನಲವತ್ತು. ಬೆಟ್ಟಯ್ಯನ ಮನೆ ಗೋವಿಂದರಾಜನಗರದ ಆಚೆ ತುದಿಯಲ್ಲಿ. ರಸ್ತೆ ಅಗೆದು ಬಸ್ಸುಗಳೆಲ್ಲ ಟೋಲ್‌ಗೇಟಿನ ಹತ್ತಿರ ಗಂಟೆಗಟ್ಟಲೆ ನಿಂತಿದ್ದವು. ಆಟೋ ಹತ್ತಿಸಿದರೆ ಅದೂ ಸಾಲದ ಲೆಕ್ಕವೇ. ಬೆಟ್ಟಯ್ಯ ನಡೆಯಲು ಶುರು ಮಾಡಿದರು. ಅವರ ಹಿಂದೆ ಇಂದ್ರಮ್ಮ, ಮಹದೇವ್, ಉಳಿದವರು. ಏಳು ಜನರ ಜೇಬಿನಲ್ಲಿ ಒಟ್ಟು ಸೇರಿಸಿದರೆ ಎರಡು ಸಾವಿರವಾದರೂ ಇದ್ದೀತು. ಆದರೂ ನಾನೂರ ಹನ್ನೆರಡು ರೂಪಾಯಿ ತರಲು ಏಳೂ ಜನ ಉರಿಬಿಸಿಲಿನಲ್ಲಿ ನಡೆದರು. ಇವರಿಗೆಲ್ಲ ತಲೆ ಕೆಟ್ಟಿದೆ ಎಂದುಕೊಂಡಳು ವರಲಕ್ಷ್ಮಿ. ಅಲ್ಲಿಂದಲೇ ಮನೆಗೆ ಹೋಗಬಹುದಿತ್ತು. ಆದರೆ ಈ ಹುಚ್ಚಾಟ ಎಲ್ಲಿಗೆ ಮುಟ್ಟುತ್ತದೆ ನೋಡೋಣವೆಂಬ ಕುತೂಹಲ ಅವಳ ಕಾಲನ್ನು ಅವರ ಹಿಂದೆಯೇ ಎಳೆಯಿತು.

ಕಿತ್ತ ಫುಟ್‌ಪಾತ್ ದಾಟುವಾಗ ಅವಳು ಬೆಟ್ಟಯ್ಯನ ಪಕ್ಕಕ್ಕೆ ಬಂದಳು. ಮಾತಿಗೆಂದು ಕೇಳಿದಳು. "ಏನಕ್ಕೆ ಮಾಡಿದ ಸಾಲ? ಮಗಳ ಮದುವೆಗಾ?"

"ನಾನೆಲ್ಲಿ ಮಾಡ್ದೆ? ನಾನು ಬರೀ ಸೈನ್ ಹಾಕಿದ್ದೆ."

ವರಲಕ್ಷ್ಮಿಯ ಕಾಲು ಅಲ್ಲೇ ನಿಂತಿತು. ಬೆಟ್ಟಯ್ಯ ನಿಲ್ಲಲಿಲ್ಲ, ಅವರಿಗೆ ನಾಲ್ಕು ಗಂಟೆಯ ಚಿಂತೆ. ಅವಳು ಓಡಿ ಬಂದು ಸೇರಿಕೊಂಡಳು.

"ನಮ್ಮ ಮನೆಯವಳ ತಮ್ಮ, ತಮ್ಮಣ್ಣ ಅಂತ," ಎಂದರು. "ನೀರಿನ ಕ್ಯಾನ್ ಹಾಕೋ ಗಾಡಿಗೆ ಸಾಲ ತಗೊಂಡ. ವ್ಯಾಪಾರ ಕೈ ಹಿಡೀಲಿಲ್ಲ. ಒಂದು ದಿನ ಬೆಳಿಗ್ಗೆ ನೋಡಿದ್ರೆ ಮನೆಗೆ ಬೀಗ, ಫೋನು ಬಂದ್. ಎಲ್ಲಿದಾನೋ ಇವತ್ತಿಗೂ ಗೊತ್ತಿಲ್ಲ."

"ನಿಮಗೆ ಕೋಪ ಬರ್ಲಿಲ್ವಾ?"

"ಬರದೇ ಏನು? ಮೊದಲ ಎರಡು ವರ್ಷ ಬರೀ ಕೋಪದಲ್ಲೇ ಕಟ್ಟಿದೆ. ಆಮೇಲೆ ಕೋಪ ಸುಸ್ತಾಯ್ತು, ನಾನು ಕಟ್ತಾನೇ ಇದ್ದೆ." ಅಗೆದ ಗುಂಡಿಯೊಂದನ್ನು ದಾಟಿದರು. "ದುಡ್ಡು ಹೋಗ್ಲಿ ಬಿಡಮ್ಮ. ನಮ್ಮ ಮನೆಯವಳು ಜಗದಾಂಬಾ ಒಂಬತ್ತು ವರ್ಷದಿಂದ ನನ್ನ ಮುಖ ನೋಡಿ ಮಾತಾಡಿಲ್ಲ. ತಪ್ಪು ಅವಳದ್ದಲ್ಲ. ಆದ್ರೂ ನಾನು ರಾತ್ರಿ ಡ್ಯೂಟಿಗೆ ಹೊರಟ್ರೆ ತಲೆ ತಗ್ಗಿಸಿಕೊಂಡೇ ಡಬ್ಬಿ ಕೊಡ್ತಾಳೆ. ಒಂದು ಮಾತು ಹೇಳಿ ಹೋಗಿದ್ರೆ ಅವನು, ಎಷ್ಟೋ ವಾಸಿ ಇತ್ತು."

ಸಾಲ ಬಿಟ್ಟು ಓಡಿದರೆ ಬ್ಯಾಂಕಿಗೆ ಮೋಸ, ಬ್ಯಾಂಕಿಗೇನು ದುಡ್ಡಿಗೆ ಬರವೇ ಎಂದು ವರಲಕ್ಷ್ಮಿ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಓಡಿದವನ ಹಿಂದೆ ಒಂದು ಮನೆಯಲ್ಲಿ ಒಬ್ಬ ಹೆಂಗಸು ಒಂಬತ್ತು ವರ್ಷ ತಲೆ ತಗ್ಗಿಸಿ ಅನ್ನ ಬಡಿಸುತ್ತಾಳೆ ಎಂಬುದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

ಮಹಡಿಯ ಮೇಲಿನ ಮನೆ. ಜಗದಾಂಬಾ ಬಾಗಿಲಲ್ಲೇ ನಿಂತಿದ್ದರು, ಸಣ್ಣ ಆಳು, ಕೈಯಲ್ಲಿ ಸೌಟು. ನೆಲ ನೋಡುತ್ತಲೇ ಕೇಳಿದರು. "ಆಯ್ತಾ?"

"ಇನ್ನೂ ನಾನೂರ ಹನ್ನೆರಡು ಬೇಕಂತೆ."

ಆಕೆ ಒಳಗೆ ಹೋಗಿ ಒಂದು ಡಬ್ಬಿ ತಂದು ನೆಲಕ್ಕೆ ಸುರಿದರು. ನೋಟು, ಚಿಲ್ಲರೆ ಎಲ್ಲ ಸೇರಿ ಎಣಿಸಿದರೆ ಸರಿಯಾಗಿ ಸಾಕಾಯಿತು. ಇಂದ್ರಮ್ಮ ಮೆಟ್ಟಿಲ ಮೇಲಿಂದಲೇ ತಗಾದೆ ತೆಗೆದರು. "ಜಗದಾಂಬಾ, ಇದು ನಿನ್ನ ದುಡ್ಡಾ, ಅವರ ದುಡ್ಡಾ?"

"ಸಿಲಿಂಡರ್ ದುಡ್ಡು."

ಇಂದ್ರಮ್ಮ ಕ್ಷಣ ಯೋಚಿಸಿದರು. "ಸಿಲಿಂಡರ್ ಇಬ್ಬರದೂ. ನಡೀರಿ."

ಎಲ್ಲರೂ ಇಳಿಯುತ್ತಿದ್ದಾಗ ಹಿಂದೆ ಬೀಗ ಹಾಕಿದ ಸದ್ದಾಯಿತು. ಜಗದಾಂಬಾ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದರು. "ನಾನೂ ಬರ್ತೀನಿ," ಎಂದರು. ಸಂಘದ ಆ ಬೀದಿಯನ್ನು ತಪ್ಪಿಸಲು ಒಂಬತ್ತು ವರ್ಷದಿಂದ ಸುತ್ತುಬಳಸಿನ ದಾರಿಯಲ್ಲಿ ಮಾರ್ಕೆಟ್ಟಿಗೆ ಹೋಗುತ್ತಿದ್ದ ಹೆಂಗಸಂತೆ, ಮಹದೇವ್ ವರಲಕ್ಷ್ಮಿಯ ಕಿವಿಯಲ್ಲಿ ಹೇಳಿದ.

ಈಗ ಎಂಟು ಜನ ನಡೆದರು. ಮಂಡಿನೋವಿನ ಇಂದ್ರಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು ನಡೆದರು. ವರಲಕ್ಷ್ಮಿ ಹಿಂದಿನಿಂದ ಈ ಬೆವೆತ ಬೆನ್ನುಗಳನ್ನೇ ನೋಡುತ್ತ ಬಂದಳು. ಇವರಲ್ಲಿ ಒಬ್ಬರಿಗೂ ಈ ನಡಿಗೆಯಿಂದ ಒಂದು ಪೈಸೆ ಲಾಭವಿಲ್ಲ. ಇಂದ್ರಮ್ಮನ ಸ್ವಂತ ಸಾಲ ತೀರಿ ಎಷ್ಟೋ ವರ್ಷವಾಗಿದೆ, ಮಹದೇವನದು ಇನ್ನೂ ಅರ್ಧವಿದೆ. ಆದರೂ ಒಬ್ಬ ಮನುಷ್ಯ ತನ್ನ ಮಾತನ್ನು ತಾನೇ ಮುಗಿಸಲಿ ಎಂದು ಅವನ ಹಿಂದೆ ಕಾಲು ಸವೆಸುತ್ತಿದ್ದಾರೆ. ಇಂಥದ್ದೊಂದನ್ನು ಅವಳು ಈ ನಲವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ.

ಮೂರು ಐವತ್ತೆರಡಕ್ಕೆ ಕೌಂಟರು ಮುಟ್ಟಿದರು. ಹುಡುಗಿ ಚಿಲ್ಲರೆ ಎಣಿಸಿ, ರಸೀದಿ ಹರಿದು, ಸಾಲ ತೀರಿದ ಪತ್ರಕ್ಕೆ ಸೀಲು ಒತ್ತಿದಳು. ಬೆಟ್ಟಯ್ಯ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಓದಲಿಲ್ಲ.

ಜಗದಾಂಬಾ ಕೌಂಟರಿನ ಹತ್ತಿರ ಬಂದರು. "ಒಂದು ಮಾತು ತಾಯಿ. ನನ್ನ ತಮ್ಮನ ಅರ್ಜಿ ಇರುತ್ತಲ್ಲ, ಅದರಲ್ಲಿ ಅವನ ಫೋಟೋ ಇರುತ್ತೆ. ಒಂದ್ಸಲ ತೋರಿಸ್ತೀರಾ?"

ಹಾಗೆ ತೋರಿಸಬಹುದೋ ಇಲ್ಲವೋ, ಹುಡುಗಿ ಯಾರನ್ನೂ ಕೇಳಲಿಲ್ಲ. ಒಳಗಿನಿಂದ ಹಳೆಯ ಫೈಲು ತಂದು ಧೂಳು ಕೊಡವಿ ತೆರೆದಿಟ್ಟಳು. ಮೂಲೆಯಲ್ಲಿ ಸ್ಟಾಂಪ್ ಸೈಜಿನ ಫೋಟೋ, ತಲೆ ಬಾಚಿಕೊಂಡ ಒಬ್ಬ ನಗುಮುಖದವನು. ಜಗದಾಂಬಾ ಬೆರಳಿನಿಂದ ಅದನ್ನು ಮುಟ್ಟಿದರು.

"ಕಟ್ಟಾಯ್ತು ಕಣೋ," ಎಂದರು ಫೋಟೋಗೆ. "ಎಲ್ಲಾ ಕಟ್ಟಾಯ್ತು. ಇನ್ನು ಹೆದರಬೇಡ, ಮನೆಗೆ ಬಾ."

ಆಕೆ ತಲೆ ಎತ್ತಿ ಗಂಡನ ಮುಖವನ್ನು ನೆಟ್ಟಗೆ ನೋಡಿದರು. "ರೀ, ಬಿಸಿಲಲ್ಲಿ ನಡೆದು ಮುಖ ಎಷ್ಟು ಕೆಂಪಾಗಿದೆ ನಿಮ್ದು," ಎಂದರು. ಗೇಟು ಕಾಯುವ ಆ ಉದ್ದನೆಯ ಮನುಷ್ಯ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು.

ವರಲಕ್ಷ್ಮಿ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಫೋನು ತೆಗೆದಳು. ಎರಡು ಸಲ ತಪ್ಪು ಹೆಸರು ಒತ್ತಿ, ಮೂರನೆಯ ಸಲ ಸರಿಯಾಗಿ ಒತ್ತಿದಳು.

ಸೀತಾ ಎತ್ತಿದವಳೇ ಹಲೋ ಎನ್ನಲಿಲ್ಲ. "ಬದುಕಿದ್ದೀಯೇನೇ?" ಎಂದಳು.

"ಇದೀನಿ. ಇವತ್ತು ರಾತ್ರಿ ಪುಣೆಗೆ ಓಡಿಹೋಗೋಳಿದ್ದೆ ಕಣೇ. ಹೋಗಲ್ಲ. ನಿನ್ನ ಮುಂದೆ ಬಂದು ಹೇಳ್ಬೇಕಿತ್ತು, ನಾಲ್ಕು ತಿಂಗಳಿಂದ ಬರ್ಲಿಲ್ಲ."

ಆಮೇಲೆ ಸೀತಾ ಬಾಯಿಗೆ ಬಂದಂತೆ ಬೈದಳು. ಹೆಡ್‌ಮಾಸ್ಟರು ಎಲ್ಲರ ಎದುರಿಗೆ ನೋಟೀಸು ಓದಿದ್ದು, ಅತ್ತೆ ಆಡಿದ ಮಾತು, ತಾನು ಮೂರು ಸಲ ವಿಜಯನಗರದ ಮನೆಗೆ ಬಂದು ಬೀಗ ನೋಡಿ ವಾಪಸ್ಸಾದದ್ದು, ಒಂದನ್ನೂ ಬಿಡಲಿಲ್ಲ. ವರಲಕ್ಷ್ಮಿ ಒಂದು ಮಾತಿಗೂ ಅಡ್ಡ ಬರದೆ, ಫೋನನ್ನು ಕಿವಿಗೆ ಒತ್ತಿಕೊಂಡು ನಿಂತು ಪೂರ್ತಿ ಕೇಳಿದಳು. ಕಣ್ಣೊರೆಸಿಕೊಂಡು ನೋಡಿದರೆ ಸಂಘದ ಶಟರು ಅರ್ಧ ಇಳಿದಿತ್ತು. ಬೆಟ್ಟಯ್ಯ, ಜಗದಾಂಬಾ, ಇಂದ್ರಮ್ಮ, ಮಹದೇವ್, ಒಬ್ಬರೂ ಹೊರಟಿರಲಿಲ್ಲ. ಸ್ವಲ್ಪ ದೂರದಲ್ಲಿ, ತಮಗೇನೂ ಕೇಳಿಸುತ್ತಿಲ್ಲ ಎಂಬಂತೆ ರಸ್ತೆ ನೋಡುತ್ತ ನಿಂತಿದ್ದರು.

ಬೈದು ಬೈದು ಸೀತಾಳ ಉಸಿರು ಸಣ್ಣಗಾದಾಗ ವರಲಕ್ಷ್ಮಿ ಬ್ಯಾಂಕು ಒಪ್ಪಿದ್ದನ್ನೂ ಶನಿವಾರದೊಳಗೆ ಅವಳ ಸಹಿ ಬೇಕೆಂಬುದನ್ನೂ ಹೇಳಿದಳು. ಸೀತಾ ಕೇಳಿದಳು. "ತಿಂಗಳಿಗೆ ಎಷ್ಟು ಕಟ್ತೀಯ?"

"ನಾಲ್ಕು ಸಾವಿರ."

"ಎಷ್ಟು ದಿನ?"

"ಏಳು ವರ್ಷ ಒಂದು ತಿಂಗಳು."

ವರಲಕ್ಷ್ಮಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಸರಿ, ಮನೆಗೆ ಬಾ," ಎಂದಳು ಸೀತಾ. "ಸೈನ್ ಹಾಕ್ತೀನಿ. ಇನ್ನೂ ಬಯ್ಯೋದಿದೆ."