ಮೊದಲು ಸೈಕಲ್ಲು

ನಮ್ಮ ಮಾವ ಚಿಕ್ಕಸಿದ್ದಯ್ಯನವರಿಗೆ ಹೆಂಡತಿ, ಮಗ, ಸೊಸೆ ಎಲ್ಲರೂ ಸೈಕಲ್ಲಿನ ನಂತರ. ಇದು ನಾನು ಹೊಟ್ಟೆಕಿಚ್ಚಿಗೆ ಹೇಳುವ ಮಾತಲ್ಲ, ಲೊಕ್ಕನಹಳ್ಳಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಎಲ್ಲಿಂದ ಬಂದರೂ ಮೊದಲು ಸೈಕಲ್ಲು ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಆಮೇಲೆ ತಮ್ಮ ಕಾಲು ತೊಳೆದುಕೊಳ್ಳುವರು. ನಾನು ಮದುವೆಯಾಗಿ ಬಂದ ದಿನ ಹೊಸಿಲ ಮೇಲೆ ಅಕ್ಕಿ ಸೇರು ಇಟ್ಟು ಎಲ್ಲರೂ ಕಾಯುತ್ತಿದ್ದರೆ, ಇವರು ಹಿತ್ತಲಲ್ಲಿ ಕೂತು ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಆವತ್ತು ಬಂದ ಸಿಟ್ಟು ನನಗಿನ್ನೂ ನೆನಪಿದೆ.

ಯಾಕೆ ಎಂದು ಕೇಳಿದರೆ ಹಿಮದ ಕತೆ ಶುರುವಾಗುತ್ತಿತ್ತು. ಮಾವ ಮಿಲಿಟರಿಯಲ್ಲಿದ್ದಾಗ ಕಾಶ್ಮೀರದ ಕಡೆ ಸೈಕಲ್ಲಿನಲ್ಲಿ ಟಪಾಲು, ಔಷಧಿ ಸಾಗಿಸುತ್ತಿದ್ದರಂತೆ.

“ಮಡ್‌ಗಾರ್ಡ್ ಬಿಚ್ಚಾಕ್ಬೇಕು, ಟೈರಿನ ಗಾಳಿ ಅರ್ಧ ಬುಡಬೇಕು. ಟೈರು ಮೆತ್ತಗಾಗಿ ಅಗಲಕ್ಕೆ ಕೂತ್ಕತದೆ. ಆಗ ಮಂಡಿಯುದ್ದ ಹಿಮದಾಗೂ ಓಡ್ತದೆ ಕಣವ್ವ” ಎನ್ನುವರು.

ಒಂದು ಸಂಜೆ ಚಳಿ ತಡೆಯಲಾರದೆ, ಸೈಕಲ್ಲನ್ನು ಹಿಮ ಮೆತ್ತಿದ ಹಾಗೆಯೇ ಹೊರಗೆ ಬಿಟ್ಟು, ಬೆಂಕಿಯ ಮುಂದೆ ಕೂತರಂತೆ. ಬೆಳಿಗ್ಗೆ ನೋಡಿದರೆ ಚೈನು, ಚಕ್ರ ಎಲ್ಲ ಹೆಪ್ಪುಗಟ್ಟಿ ಅಲ್ಲಾಡಲಿಲ್ಲ. ಅದನ್ನು ಬಿಡಿಸಿಕೊಂಡು ಮೇಲಿನ ಠಾಣೆಗೆ ಔಷಧಿ ಮುಟ್ಟಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಲ್ಲಿ ಕಾಯುತ್ತಿದ್ದ ಗೆಳೆಯ ಮುತ್ತಯ್ಯನ ಎರಡು ಕಾಲ್ಬೆರಳು ಹಿಮಕ್ಕೆ ಕೊಳೆತು ಹೋದವು. ಅಂದಿನಿಂದ ಮೊದಲು ಸೈಕಲ್ಲು, ಆಮೇಲೆ ಮನುಷ್ಯ. ಊರಿನವರು ನಂಬುತ್ತಿರಲಿಲ್ಲ, ಹಿಮದಲ್ಲಿ ಸೈಕಲ್ಲಂತೆ ಎಂದು ನಗುತ್ತಿದ್ದರು. ಸುಳ್ಳೇಕೆ, ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇನೆ.

ನಾನು ಆಗ ನರ್ಸು. ತೊಂಬತ್ತಾರನೇ ಇಸವಿ. ಕಾಡಂಚಿನ ದೊಡ್ಡಿಯೊಂದರ, ಅಂದರೆ ಹತ್ತಾರು ಮನೆಗಳ ಪುಟ್ಟ ಊರಿನ, ಮಕ್ಕಳಿಗೆ ಲಸಿಕೆ ಹಾಕುವುದು ನನ್ನ ಪಾಲಿಗೆ ಬಂದಿತ್ತು. ಬೆಳಗಿನ ಬಸ್ಸಿನಲ್ಲಿ ಬರುವ ಲಸಿಕೆಯ ಡಬ್ಬಿಯೊಳಗೆ ಮಂಜುಗಡ್ಡೆ ಇರುತ್ತದೆ; ಅದು ಕರಗಿದರೆ ಔಷಧಿ ಕೆಟ್ಟಂತೆ. ಡಬ್ಬಿ ಹೊತ್ತು ಆರು ಕಿಲೋಮೀಟರ್ ನಡೆದು ಹೋಗುವಷ್ಟರಲ್ಲಿ ತಾಯಂದಿರು ಮಕ್ಕಳನ್ನು ಕಂಕುಳಿಗೇರಿಸಿಕೊಂಡು ಕೂಲಿಗೆ ಹೋಗಿಬಿಟ್ಟಿರುತ್ತಿದ್ದರು. ಮೂರು ತಿಂಗಳು ಹಾಗೆಯೇ ವಾಪಸ್ಸು ಬಂದೆ. ಅಕ್ಟೋಬರಿನಲ್ಲಿ ಆ ದೊಡ್ಡಿಯ ಎರಡು ಮಕ್ಕಳಿಗೆ ದಡಾರ ಎದ್ದಿತು. ಇನ್ನು ನಡೆದು ಪ್ರಯೋಜನವಿಲ್ಲ ಎಂದು ಮಾವನ ಸೈಕಲ್ಲು ಕೇಳಲು ಹೊರಟೆ.

“ಕೇಳ್ನೋಡು. ಮೂವತ್ತೊರ್ಸದಿಂದ ನಂಗೇ ಮುಟ್ಟಕ್ ಬುಟ್ಟಿಲ್ಲ” ಎಂದು ಅತ್ತೆ ದೊಡ್ಡಬಸಮ್ಮ ಒಲೆ ಮುಂದಿನಿಂದಲೇ ನಕ್ಕರು.

ಮಾವ ಆಕಾಶ ನೋಡಿದರು. “ರಾತ್ರಿಯೆಲ್ಲ ಮಳೆ ಉಯ್ದದೆ. ದಾರಿ ಬರೀ ಕೆಸರು.”

ನನಗೆ ರೇಗಿತು. “ಮಂಜುಗಡ್ಡೆ ಕರಗಲಿಲ್ಲ ಅಂತ ನೀವು ಕಷ್ಟಪಟ್ರಿ, ಕರಗೋಯ್ತದಲ್ಲಾ ಅಂತ ನಾನು ಕಷ್ಟಪಡ್ತಾ ಇವ್ನಿ ಮಾವ. ಅಲ್ಲೂ ಮಕ್ಳು ಕಾಯ್ತಾ ಅವೆ.”

ಅವರು ಎದ್ದು ಹೋಗಿ ಗೋಡೆಗೊರಗಿಸಿದ್ದ ಸೈಕಲ್ಲನ್ನು ನನ್ನ ಮುಂದೆ ತಂದು ನಿಲ್ಲಿಸಿದರು. “ಇವತ್ತೊಂದಿನ ತಕಂಡೋಗು. ಎಂಗೆ ಓಯ್ತದೋ ಅಂಗೇ ಬರಬೇಕು. ಒಂದು ಗೀರು ಬಿದ್ರೂ ಇನ್ ಯಾವತ್ತೂ ಕೇಳಬ್ಯಾಡ.”

ಮಾಂಬಳ್ಳಿಯ ತವರಿನಲ್ಲಿ ಅಣ್ಣನ ಸೈಕಲ್ಲು ಕದ್ದು ಕಲಿತವಳು ನಾನು. ಬಿಳಿ ಸೀರೆ ಎತ್ತಿ ಕಟ್ಟಿ ಗಂಡಸರ ಸೈಕಲ್ಲು ಹತ್ತಿದ್ದನ್ನು ಊರು ಬಾಯಿ ಬಿಟ್ಟುಕೊಂಡು ನೋಡಿತು. ನೋಡಲಿ ಬಿಡಿ ಎಂದು ಡಬ್ಬಿಯನ್ನು ಕ್ಯಾರಿಯರಿಗೆ ಬಿಗಿದು ತುಳಿದೆ.

ಎರಡು ಮೈಲಿ ದಾಟುವವರೆಗೆ ಸುಖ. ಆಮೇಲೆ ರಾಗಿ ಹೊಲಗಳ ನಡುವಿನ ಗಾಡಿದಾರಿ. ಕೆಮ್ಮಣ್ಣಿನಲ್ಲಿ ಕಾಲು ಮೀನಖಂಡದವರೆಗೆ ಹೂತುಕೊಳ್ಳುತ್ತಿತ್ತು. ಹತ್ತು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ಗಿಡಿದು ಚಕ್ರ ನಿಂತುಬಿಡುವುದು. ಕಡ್ಡಿಯಿಂದ ಕೆದಕಿದರೆ ಮತ್ತೆ ಹತ್ತು ಮಾರು. ಚಪ್ಪಲಿ ಒಂದು ಕೆಸರಿನಲ್ಲಿ ಹೋಯಿತು, ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕಿತು. ದಾರಿಯ ಮಧ್ಯೆ ಕೂತು ಸಿಟ್ಟಿಗೇ ಅತ್ತುಬಿಟ್ಟೆ. ಅಳುತ್ತಿರುವಾಗಲೇ, ನಾನು ನಕ್ಕಿದ್ದ ಆ ಹಿಮದ ಕತೆ ನೆನಪಾಯಿತು.

ಸೀಟಿನ ಕೆಳಗಿನ ಚೀಲದಲ್ಲಿ ಸ್ಪ್ಯಾನರ್ ಇತ್ತು. ಮುಂದಿನ ಮಡ್‌ಗಾರ್ಡ್ ಬಿಚ್ಚಿ ಬೇಲಿಯ ಪಕ್ಕ ಇಟ್ಟೆ. ಎರಡೂ ಟೈರಿನ ಗಾಳಿ ಅರ್ಧ ಬಿಟ್ಟೆ. ಹಿಂದಿನ ಮಡ್‌ಗಾರ್ಡ್ ಡಬ್ಬಿ ಕಟ್ಟಿದ ಕ್ಯಾರಿಯರಿನ ಕೆಳಗಿದ್ದುದರಿಂದ ಬಿಚ್ಚಲಾಗದೆ ಆಗಾಗ ಕೆದಕಬೇಕಾಯಿತು. ಸೈಕಲ್ಲು ನಿಧಾನಕ್ಕೆ ಹೊರಟಿತು, ಆಮೇಲೆ ಎಲ್ಲೂ ಹೂತುಕೊಳ್ಳಲಿಲ್ಲ. ದೊಡ್ಡಿ ಮುಟ್ಟಿದಾಗ ಹೆಂಗಸರು ಬುತ್ತಿ ಕಟ್ಟುತ್ತಿದ್ದರು. ಡಬ್ಬಿ ತೆರೆದರೆ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿತ್ತು.

ವಾಪಸ್ಸು ಬರುವಾಗ ನೋಡಿದರೆ ದನಗಳು ತುಳಿದು ಮಡ್‌ಗಾರ್ಡ್ ಸೊಟ್ಟಗಾಗಿತ್ತು. ಅದನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಮಾವನಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಒಂದು ಸುಳ್ಳೂ ಹೊಳೆಯಲಿಲ್ಲ.

ಸಂಜೆ ಅಂಗಳಕ್ಕೆ ಬಂದಾಗ ಮಾವ ಬಕೆಟ್ಟು, ಚೊಂಬು, ಬಟ್ಟೆ ಇಟ್ಟುಕೊಂಡು ನಿಂತಿದ್ದರು. ಸೈಕಲ್ಲಿನ ಬಣ್ಣವೇ ಕಾಣುತ್ತಿರಲಿಲ್ಲ.

“ಮಡ್‌ಗಾರ್ಡ್ ಹಾಳಾಗೋಯ್ತು ಮಾವ. ಇನ್ ಕೇಳಲ್ಲ” ಎಂದೆ.

ಅವರು ಸೈಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರ ಕಡೆ ನೋಡದೆಯೇ ಗೋಡೆಗೆ ಒರಗಿಸಿದರು. ಬಕೆಟ್ಟನ್ನು ನನ್ನ ಮುಂದೆ ತಂದಿಟ್ಟು ಕುಕ್ಕರಗಾಲಿನಲ್ಲಿ ಕೂತರು.

“ಕಾಲು ನೀಡವ್ವ.”

ನಾನು ಗಾಬರಿಯಾಗಿ ಹಿಂದೆ ಸರಿದೆ. ಮಾವ ಬಿಡದೆ ಚೊಂಬಿನಿಂದ ಕಾಲಿಗೆ ನೀರು ಹಾಕಿದರು. ನೀರು ಬಿಸಿಯಾಗಿತ್ತು. ಸೈಕಲ್ಲು ತೊಳೆಯಲು ಈ ಮನೆಯಲ್ಲಿ ಯಾರೂ ಯಾವತ್ತೂ ನೀರು ಕಾಯಿಸಿದವರಲ್ಲ.

“ಮಧ್ಯಾನ್ದಿಂದ ಮೂರು ಸಲ ಕಾಯಿಸವ್ರೆ. ಆರೋಯ್ತು ಅಂದು ಮತ್ತೆ ಒಲೆಗೆ ಇಡ್ತಾರೆ” ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. ನನಗೆ ಅಳು ತಡೆಯಲಾಗಲಿಲ್ಲ.

“ಮಾವ, ಸೈಕಲ್ಲು?”

“ಇಲ್ಲೇನ್ ಹಿಮ ಬಿದ್ದದಾ? ಕೆಸರು ತಾನೆ. ನಾಳಿಕೆ ಒಣಗಿ ಉದುರ್ತದೆ.” ಮುಳ್ಳು ಹೊಕ್ಕ ಕಡೆ ಇನ್ನೊಂದು ಚೊಂಬು ಹಾಕಿದರು. “ಮಂಜುಗಡ್ಡೆ?”

“ಕರಗಲಿಲ್ಲ. ಹನ್ನೊಂದು ಮಕ್ಳಿಗೂ ಹಾಕ್ದೆ. ನೀವ್ ಹೇಳ್ದಂಗೇ ಗಾಳಿ ಬುಟ್ಟೆ ಮಾವ.”

ಮಾವನ ಕೈ ಅಲ್ಲೇ ನಿಂತಿತು. ಅವರ ಕತೆಯನ್ನು ನಂಬಿದವಳು ಆ ಊರಿನಲ್ಲಿ ನಾನೇ ಮೊದಲಿರಬೇಕು.

ಕೆಸರೇನೂ ಉದುರಲಿಲ್ಲ. ಬೆಳಿಗ್ಗೆ ಕಲ್ಲಾಗಿ ಕೂತಿತ್ತು. ಮಾವ ಚಮಚದಲ್ಲಿ, ನಾನು ತೆಂಗಿನ ನಾರಿನಲ್ಲಿ ಒಂದು ಗಂಟೆ ಕೆರೆದೆವು. ಅವರು ದಾರಿಯುದ್ದಕ್ಕೂ ಏನೇನಾಯಿತೆಂದು ಎರಡು ಸಲ ಹೇಳಿಸಿಕೊಂಡರು. ಮಡ್‌ಗಾರ್ಡನ್ನು ತಟ್ಟಿ ನೆಟ್ಟಗೆ ಮಾಡಿದರೂ ಸೈಕಲ್ಲಿಗೆ ಹಾಕದೆ ಗೋಡೆಯ ಮೊಳೆಗೆ ನೇತುಹಾಕಿದರು. ಕೊನೆಗೆ ಸ್ಪ್ಯಾನರ್ ತೆಗೆದುಕೊಂಡು ಸೀಟಿನ ನಟ್ಟು ಸಡಿಲಿಸಿ, ಸೀಟನ್ನು ಮೂರು ಬೆರಳು ಕೆಳಗಿಳಿಸಿ ಬಿಗಿದರು. ನಾನು ಗಿಡ್ಡಿ.

“ಯಾಕ್ ಮಾವ ಇಳಿಸಿದ್ರಿ? ನಿಮಗೆ ಮಂಡಿ ತಾಕ್ತದಲ್ಲ.”

ಅವರು ಚೈನಿಗೆ ಎಣ್ಣೆ ಬಿಡುತ್ತಾ, ತಲೆ ಎತ್ತದೆ ಹೇಳಿದರು: “ನಾನು ನಡೀತೀನಿ ಬುಡು.”