ಗೋಡೆ ಕಡೆಗೆ ಮಗ್ಗುಲು

"ನೀರು ಇನ್ನೂ ಸ್ವಲ್ಪ ಬೆಚ್ಚಗಿರ್ಲಿ" ಎಂದಳು ಸುಧಾ. ತಂಬಿಗೆ ಹಿಡಿದು ನಿಂತಿದ್ದ ಪಕ್ಕದ ಮನೆಯ ಪುಷ್ಪಾವತಿ ಅವಳ ಮುಖ ನೋಡಿದಳು. ಸತ್ತವರಿಗೆ ಬಿಸಿಯೇನು, ತಂಪೇನು ಎಂದು ಯಾರೂ ಕೇಳಲಿಲ್ಲ. ಹಂಡೆಯಿಂದ ಇನ್ನೊಂದು ತಂಬಿಗೆ ಬಿಸಿನೀರು ಬಂತು.

ನ್ಯಾಮತಿಯ ಆ ಮನೆಯ ಅಂಗಳದ ಮೂಲೆಗೆ ಸೀರೆ ಮರೆಕಟ್ಟಿ, ಅತ್ತೆ ಕಾಟಮ್ಮನನ್ನು ಹಲಗೆಯ ಮೇಲೆ ಮಲಗಿಸಿದ್ದರು. ಹೊನ್ನಾಳಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೂದಲು ನೆರೆಸಿಕೊಂಡಿದ್ದ ಸುಧಾ ಎಷ್ಟೋ ಹೆಣಗಳನ್ನು ಒರೆಸಿ ಕಳಿಸಿದವಳು. ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಅತ್ತೆಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸುತ್ತಿದ್ದವಳು ಅವಳೇ. ಬೆನ್ನಲ್ಲಿ ಒಂದು ಹುಣ್ಣು ಇರಲಿಲ್ಲ.

ಹಿಂದಿನ ರಾತ್ರಿ ಅಂಗಾತ ಮಲಗಿಸಿದ್ದಳು. ಬೆಳಿಗ್ಗೆ ನೋಡಿದರೆ ಮುದುಕಿ ಗೋಡೆ ಕಡೆಗೆ ಮಗ್ಗುಲಾಗಿ ತಣ್ಣಗಾಗಿದ್ದಳು. ಗಂಡ ಮಾರುತೇಶ್ ಅಕ್ಕಿ ಮಿಲ್ಲಿನಿಂದ ಬೆಳಗಿನ ಜಾವ ಬಂದು ಹಾಗೇ ಬಿದ್ದುಕೊಂಡವನು, ತಾನು ಅವ್ವನನ್ನು ಮುಟ್ಟಲೇ ಇಲ್ಲ ಎಂದು ಅತ್ತಿದ್ದ. ಹಾಗಾದರೆ ಹೊರಳಿಸಿದವರು ಯಾರು?

ಎಡ ಅಂಗೈಯನ್ನು ಬಿಡಿಸಿ ತೊಳೆಯುವಾಗ ಬೆರಳುಗಳ ಬುಡದಲ್ಲಿ ಗಟ್ಟಿಯಾದದ್ದೇನೋ ತಾಗಿತು. ಜಡ್ಡು. ಮಂಚ ಹಿಡಿದವಳ ಕೈಯಲ್ಲಿ ಹೊಲ ಅಗೆದವರ ಜಡ್ಡು. ಇತ್ತೀಚೆಗೆ ಮೈ ಒರೆಸುವಾಗ ಮುದುಕಿ ಆ ಕೈಯನ್ನು ಮುಷ್ಟಿ ಕಟ್ಟಿಕೊಳ್ಳುತ್ತಿದ್ದಳು. ಇದೊಂದನ್ನು ನಾನೇ ತೊಳೆದುಕೊಳ್ಳುತ್ತೇನೆ, ನನ್ನನ್ನೇನು ಪೂರ್ತಿ ಕೂಸು ಅಂದುಕೊಂಡೆಯಾ ಎಂದು ಗದರುತ್ತಿದ್ದಳು.

*

ತಿಂಗಳೊಂದರ ಹಿಂದೆ, ಬಳ್ಳಾರಿಯ ಕಾಲೇಜಿನಲ್ಲಿ ಎರಡು ವರ್ಷದ ನರ್ಸಿಂಗ್ ಡಿಗ್ರಿಗೆ ಸುಧಾಳಿಗೆ ಇಲಾಖೆಯಿಂದಲೇ ಸೀಟು ಸಿಕ್ಕಿತ್ತು. ಹಾಸ್ಟೆಲ್ಲಿನಲ್ಲೇ ಇರಬೇಕು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದಾಗಿನಿಂದ ಇದ್ದ ಆಸೆ ಅದೊಂದೇ. ಬಾಣಂತನ, ಮಕ್ಕಳ ಓದು, ಮಾವನ ಕಾಯಿಲೆ ಅಂತ ಮುಂದಕ್ಕೆ ಹಾಕುತ್ತಾ ಹಾಕುತ್ತಾ ನಲವತ್ತು ದಾಟಿತ್ತು. ಈ ಸಲ ಬಿಟ್ಟರೆ ವಯಸ್ಸು ಮೀರುತ್ತಿತ್ತು.

ಸೀಟು ಸಿಕ್ಕ ಸುದ್ದಿ ಬಂದ ಸಂಜೆ ಗಂಜಿ ಕುಡಿಸುತ್ತಾ ಅತ್ತೆಗೆ ವಿಷಯ ಹೇಳಿದಳು. ಕಾಟಮ್ಮನ ನಾಲಿಗೆಗೆ ಲಕ್ವ ತಗುಲಿರಲಿಲ್ಲ.

"ತಲಿ ಬೆಳ್ಳಗಾದ ಮ್ಯಾಲೆ ಸ್ಲೇಟು ಹಿಡ್ಕಂಡು ಹೋಗ್ತೀಯೇನು?" ಅಂದಳು.

ಸುಧಾ ನಕ್ಕಳು. ಮಾತು ಮಾತ್ರ ಎದೆಗೆ ನಾಟಿತು. "ನಿಮ್ಮನ್ನ ಹೊರಳಿಸೋರು ಯಾರು ಐದಾರೆ ಅತ್ತೆ? ನಾ ಹೋಗಲ್ಲ ಬಿಡ್ರಿ."

ಕಾಟಮ್ಮ ಗಂಜಿ ಸಾಕೆಂದು ಮುಖ ತಿರುಗಿಸಿಕೊಂಡಳು. ಒಂದು ಸಲ ಹೋಗು ಅಂದಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ಸುಧಾಳಿಗೆ ಸಿಟ್ಟು ಬಂತು. ಅಡುಗೆಮನೆಗೆ ಹೋಗಿ, ಪಾತ್ರೆಗಳ ಸದ್ದು ಮಾಡುತ್ತಾ ಅತ್ತಳು. ಈ ಜೀವ ಇಲ್ಲದಿದ್ದರೆ ಅಂತಲೂ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಚನ್ನಗಿರಿ ಕಡೆಯ ನೆಂಟರು ಬಂದರು. ಜಗಳೂರಿನಿಂದ ಕಾಟಮ್ಮನ ತಂಗಿ ಅಂತರಘಟ್ಟಮ್ಮ ಬಂದವಳು ಹೆಣದ ಮುಂದೆ ಹಾಡಿಕೊಂಡು ಅತ್ತಳು. ನ್ಯಾಮತಿಯ ಬಿಸಿಲಿನಲ್ಲಿ ಎಲ್ಲರೂ ನಡೆದುಹೋಗಿ ಮಣ್ಣು ಹಾಕಿ ಬಂದರು. ದಾರಿಯಲ್ಲಿ ಅಂತರಘಟ್ಟಮ್ಮ ಸುಧಾಳ ಬೆನ್ನು ಸವರಿದಳು.

"ಅಕ್ಕನ್ನ ಹೂವಿನಂಗೆ ನೋಡ್ಕಂಡೆ. ನಿಂಗೂ ಬಿಡುಗಡೆ ಆತು ಬಿಡವ್ವ. ಇನ್ನ ಓದಾಕೆ ಹೋಗಬೌದು."

ಅವಳು ಅಕ್ಕರೆಯಿಂದಲೇ ಹೇಳಿದ್ದು. ಸುಧಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಅಡುಗೆಮನೆಯಲ್ಲಿ ತಾನು ನುಂಗಿಕೊಂಡ ಮಾತನ್ನು ಊರೆದುರು ಯಾರೋ ಆಡಿದಂತಿತ್ತು. ಮನೆ ಬಾಗಿಲಲ್ಲಿ ಕಾಲು ತೊಳೆಯುತ್ತಾ ಗಂಡನಿಗೆ ಹೇಳಿದಳು: "ಸೋಮವಾರ ಸೇರಾಕೆ ಕೊನೇ ದಿನ ಐತೆ. ನಾ ಹೋಗಲ್ರಿ. ಅತ್ತೆ ಸತ್ತು ಸಿಗೋ ಓದು ನಂಗೆ ಬ್ಯಾಡ."

ಮಾರುತೇಶ್ ದೊಡ್ಡಪ್ಪ ತಿಪ್ಪೇಶಪ್ಪನನ್ನು ಕರೆದುಕೊಂಡು ಮಂಚ ಹೊರಗೆ ಹಾಕಲು ಒಳಗೆ ಹೋದ. ಇಬ್ಬರೂ ಅದನ್ನು ಗೋಡೆಯಿಂದ ಈಚೆಗೆ ಎಳೆದರು. ಗೋಡೆ ಬದಿಯ ಪಟ್ಟಿಗೆ ಹಳೆ ಸೀರೆಯ ಸೀಳೊಂದನ್ನು ಬಿಗಿದು ಕಟ್ಟಿತ್ತು. ಅದರ ಉಳಿದ ತುದಿ ಸಂದಿಯೊಳಗೆ ಜೋತುಬಿದ್ದಿತ್ತು.

ಸುಧಾಳ ಹಿಂದೆಯೇ ಒಳಗೆ ಬಂದ ಪುಷ್ಪಾವತಿ ಅದನ್ನು ಕಂಡದ್ದೇ ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತಳು. ಆಮೇಲೆ ಬಿಕ್ಕುತ್ತಲೇ ಎಲ್ಲ ಹೇಳಿದಳು. ಸೀಟಿನ ಮಾತು ಬಂದ ಮಾರನೆಯ ದಿನದಿಂದಲೇ, ಸುಧಾ ಡ್ಯೂಟಿಗೆ ಹೋದ ಮೇಲೆ, ಕಾಟಮ್ಮ ಪುಷ್ಪಾವತಿಯನ್ನು ಕೂಗಿ ಈ ಸೀಳು ಕಟ್ಟಿಸುತ್ತಿದ್ದಳಂತೆ. ಎಡಗೈಯಲ್ಲಿ ಅದನ್ನು ಹಿಡಿದು ಜಗ್ಗಿ ಹೊರಳಲು ನೋಡುತ್ತಿದ್ದಳಂತೆ. ಅರ್ಧಕ್ಕೆ ಬಂದು ಮತ್ತೆ ಅಂಗಾತ ಬೀಳುವಳು. ಬಿದ್ದ ಸಿಟ್ಟಿಗೆ ಪುಷ್ಪಾವತಿಯನ್ನು ಬೈಯುವಳು. ಮತ್ತೆ ಜಗ್ಗುವಳು. ಸುಧಾ ಬರುವ ಹೊತ್ತಿಗೆ ಬಿಚ್ಚಿಟ್ಟುಬಿಡಬೇಕು. ನಿನ್ನೆ ಮಾತ್ರ ಬಿಚ್ಚಗೊಡದೆ, ತುದಿಯನ್ನು ಗೋಡೆ ಸಂದಿಯಲ್ಲಿ ಕಾಣದ ಹಾಗೆ ಸಿಗಿಸು ಅಂದಿದ್ದಳು.

"'ಒಂದ್ಸಲ ಪೂರಾ ಹೊರಳಿ ತೋರಿಸಿ, ಹೋಗಿ ಓದ್ಕಂಡು ಬಾ ಅಂತ ಅವಳಿಗೆ ಹೇಳ್ತೀನಿ. ಅಲ್ಲಿಗಂಟ ಬಾಯಿ ಬಿಟ್ಟೀಯ ಜ್ವಾಕೆ' ಅಂದಿತ್ತು ಅಜ್ಜಿ, ಸುಧಕ್ಕ. ಪಾಪ, ಒಂದ್ಸಲನೂ ಪೂರಾ ಹೊರಳಾಕೆ ಆಗಲಿಲ್ಲ."

"ಹೊರಳಿದ್ರು" ಎಂದಳು ಸುಧಾ.

ರಾತ್ರಿ ಜಗ್ಗಿ ಜಗ್ಗಿ ಗಂಟು ಕಲ್ಲಾಗಿತ್ತು. ಕತ್ತರಿಸಿಬಿಡೋಣವೆಂದು ತಿಪ್ಪೇಶಪ್ಪ ಕುಡುಗೋಲು ತಂದ. ಸುಧಾ ಅವನ ಕೈ ಹಿಡಿದು ತಡೆದಳು.

"ಬಳ್ಳಾರಿ ಬಸ್ಸು ಹೊನ್ನಾಳಿಗೆ ಎಷ್ಟೊತ್ತಿಗೆ ಬರ್ತೈತೆ, ಕೇಳಿ ಬರ್ರಿ" ಎಂದಳು ಗಂಡನಿಗೆ, ಅವನ ಕಡೆ ನೋಡದೆ.

ಆಮೇಲೆ ಬರಿ ಮಂಚದ ಮೇಲೆ, ಅತ್ತೆ ಮಲಗುತ್ತಿದ್ದ ಜಾಗದಲ್ಲಿ ಕೂತು, ಸೀರೆಯ ತುದಿಯನ್ನು ಎಡಗೈಗೆ ಸುತ್ತಿಕೊಂಡು ಇದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದಳು. ಮಂಚ ಕಿರುಗುಟ್ಟಿತು. ಗಂಟು ಸಡಿಲವಾಗಲಿಲ್ಲ.