ಪರದೆಯೊಳಗಿನ ಸೇವಂತಿಗೆ

ಆ ನೊಣ ಅಕ್ಕಿನುಚ್ಚಿಗಿಂತ ಸಣ್ಣದು. ಸೇವಂತಿಗೆಯ ಚಿಗುರಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಸೇರಿದ ಮೇಲೆ ಎಲೆಯೇ ಅದಕ್ಕೆ ಮನೆ ಕಟ್ಟಿಕೊಡುತ್ತದೆ, ಮೊಡವೆಯಂಥ ಹಸಿರು ಗಂಟು. ನಮ್ಮ ನರ್ಸರಿಯಲ್ಲಿ ಅದನ್ನು ಗಂಟುನೊಣ ಎನ್ನುತ್ತೇವೆ. ಗಂಟು ಕಂಡ ಗಿಡವನ್ನು ಅವತ್ತೇ ಸುಡಬೇಕು, ಅದರಲ್ಲಿ ದಾಕ್ಷಿಣ್ಯವಿಲ್ಲ.

ನನ್ನ ತಂಗಿಯ ಮಗಳು ಗುಬ್ಬಿ ಎರಡು ಬಗೆಯ ಹೂವಿನ ಪರಾಗ ಬೆರೆಸಿ ಬೀಜ ಮಾಡಿದ್ದಳು. ಮೊಳೆತದ್ದು ಒಂದೇ ಗಿಡ. "ಯಾವ ಬಣ್ಣ ಬರುತ್ತಮ್ಮ?" ಎಂದು ಕೇಳಿದರೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಬೇಡ ಮಾವ, ಸುಮ್ನೆ ಮಣ್ಣು ಹೊರು" ಎನ್ನುತ್ತಿದ್ದಳು. ಮೊಗ್ಗು ಕಾಣುವ ಮೊದಲೇ ಜ್ವರ ಅವಳನ್ನು ಕೊಂಡೊಯ್ದಿತು.

ಆಮೇಲೆ ತಂಗಿಗೆ ಉಳಿದದ್ದು ಒಂದೇ ಆಸೆ. ಮಗಳು ಕಾಣದ ಬಣ್ಣವನ್ನು ತಾನಾದರೂ ಕಾಣಬೇಕು. ಪಕ್ಕದ ಸಾಲಿಗೆ ನೊಣ ಬಿತ್ತೆಂದು ಗೊತ್ತಾದೊಡನೆ ಮಗಳ ಮಂಚದ ಸೊಳ್ಳೆಪರದೆ ಬಿಚ್ಚಿ ತಂದು, ಎರಡು ಮಡಿಕೆ ಮಾಡಿ ಕುಂಡದ ಸುತ್ತ ಬಿಗಿದಳು. ನೀರನ್ನೂ ಹೊರಗಿನಿಂದಲೇ ಹನಿಸುತ್ತಿದ್ದಳು.

"ಸ್ವಲ್ಪ ಗಾಳಿ ಆಡ್ಲಿ, ತೆಗೆಯೇ" ಎಂದೆ.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಬೇಡ ಅಣ್ಣ."

ಮೊಗ್ಗು ಮೂಡಿದ ಮೇಲೆ ಒಂದು ಬೆಳಗ್ಗೆ ನನ್ನನ್ನು ಕೂಗಿದಳು. ಪರದೆಯ ಒಳಮೈಗೆ ನೊಣಗಳು ಧೂಳಿನಂತೆ ಅಂಟಿದ್ದವು. ಪರದೆ ಕಟ್ಟುವಾಗಲೇ ಚಿಗುರಿನಲ್ಲಿ ಮೊಟ್ಟೆ ಇತ್ತು. ಹುಟ್ಟಿದ ನೊಣಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಎಲ್ಲವೂ ತಿರುಗಿ ಅದೇ ಗಿಡದಲ್ಲಿ ಮೊಟ್ಟೆ ಇಟ್ಟಿದ್ದವು. ಎಲೆ, ದಂಟು, ಮೊಗ್ಗಿನ ತೊಟ್ಟು, ಎಲ್ಲಿ ನೋಡಿದರೂ ಗಂಟು.

"ಕಳ್ಳನ್ನ ಒಳಗಿಟ್ಟು ನಾನೇ ಬೀಗ ಹಾಕ್ದೆ" ಎಂದಳು.

ನರ್ಸರಿಯ ಯಜಮಾನರು ಬಂದು ನೋಡಿದರು. ಮುಖ ಆಚೆ ತಿರುಗಿಸಿ, "ಹೂ ಬಿಡೋವರೆಗೂ ಇರ್ಲಿ ಬಿಡಮ್ಮ. ನಾನು ನೋಡಿಲ್ಲ ಅಂದ್ಕೋ" ಎಂದರು.

"ಉಳಿದ ಸಾಲುಗಳು ಇಲ್ಲಿರೋರೆಲ್ಲರ ಅನ್ನ ಸ್ವಾಮಿ. ನನ್ನ ಮಗಳ ಗಿಡದಿಂದ ಅದಕ್ಕೆ ಕಲ್ಲು ಬೀಳೋದು ಬೇಡ."

ಬುಡಸಮೇತ ಕಿತ್ತು, ಪರದೆಯಲ್ಲೇ ಸುತ್ತಿಕೊಂಡು ಮಣ್ಣಿಗೆ ಹಬೆ ಕೊಡುವ ಬಾಯ್ಲರ್ ಒಲೆಯ ಹತ್ತಿರ ತಂದಳು. ಅಲ್ಲಿ ನಿಂತು, ಒಳಗೆ ಕೈ ತೂರಿಸಿ, ದೊಡ್ಡದೊಂದು ಮೊಗ್ಗು ಮುರಿದು ಉಗುರಿನಿಂದ ಸೀಳಿದಳು. ಎಸಳುಗಳು ಇನ್ನೂ ಎಳೆ ಹಸಿರು. ಬೆಳಕಿಗೆ ಹಿಡಿದು ನೋಡಿದಳು. ನನ್ನ ಮುಂದೆ ಚಾಚಿದಳು.

"ನಿಂಗೇನಾದ್ರೂ ಕಾಣುತ್ತಾ ಅಣ್ಣ? ಹಳದಿ ಇರಬಹುದಾ?"

"ಇರಬಹುದು" ಎಂದೆ.

"ಇಷ್ಟು ವಯಸ್ಸಾದ್ರೂ ಸುಳ್ಳು ಹೇಳೋಕೆ ಬರಲ್ಲ ನಿಂಗೆ" ಎಂದಳು. ಒಲೆಯ ಬಾಗಿಲನ್ನು ತಾನೇ ತೆಗೆದಳು.